ಒಂದೇ ನೀರಿಗೆ ಎರಡು ಅಂಕಿ: ಶಾಲಾ ಪ್ರಯೋಗಾಲಯದಲ್ಲಿ ಗುಣಮಟ್ಟದ ವ್ಯವಸ್ಥೆ

ಅರಸೀಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಒಂಬತ್ತನೆಯ ತರಗತಿಗೆ ನೀರಿನ ಪರೀಕ್ಷೆಯ ಪಾಠ ಮಾಡುತ್ತಿದ್ದರು. ಅವಲೋಕನಕ್ಕೆಂದು ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಊರಿನ ಕೊಳವೆಬಾವಿಯಿಂದ ತಂದ ಒಂದೇ ಬಾಟಲಿಯ ನೀರನ್ನು ಆರು ಗುಂಪುಗಳಿಗೆ ಹಂಚಿದ್ದರು. ನೀರಿಗೆ ಪರೀಕ್ಷಾ ದ್ರಾವಣ ಬೆರೆಸಿ, ಬಂದ ಬಣ್ಣವನ್ನು ಬಣ್ಣದ ಪಟ್ಟಿಯೊಡನೆ ಹೋಲಿಸಿ, ಫ್ಲೋರೈಡ್ ಎಷ್ಟಿದೆ ಎಂದು ಹೇಳಬೇಕಿತ್ತು. ಐದು ಗುಂಪುಗಳು ಲೀಟರಿಗೆ 2 ಮಿಲಿಗ್ರಾಂ ಎಂದವು. ಆರನೆಯ ಗುಂಪು 1 ಎಂದಿತು.

"ನಿಮ್ಮದು ತಪ್ಪಾಗಿದೆ, ಅಳಿಸಿ 2 ಅಂತ ಬರ್ಕೊಳ್ಳಿ" ಎಂದರು ಪ್ರಶಿಕ್ಷಣಾರ್ಥಿ. ಮಕ್ಕಳು ಅಳಿಸಿದರು. ಗಂಟೆ ಬಾರಿಸುವ ಹೊತ್ತಿಗೆ ಆ ಗುಂಪಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ನಮ್ಮನೇಲೂ ಇದೇ ಬೋರಿನ ನೀರು. ಕುಡೀಬೋದಾ?" ಎಂದು ಕೇಳಿದಳು. ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡಿದರು. ನನ್ನ ಬಳಿಯೂ ಉತ್ತರವಿರಲಿಲ್ಲ.

ಭಾರತೀಯ ಮಾನಕ ಬ್ಯೂರೋದ ಐಎಸ್ 10500 (2012) ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಒಪ್ಪಬಹುದು. ಬೇರೆ ನೀರಿನ ಮೂಲ ಇಲ್ಲದಿದ್ದಾಗ 1.5ರವರೆಗೆ ಅನುಮತಿಯಿದೆ. ಅಂದರೆ ಅಳಿಸಿದ ಅಂಕಿ ಗೆರೆಯ ಈಚೆಗಿತ್ತು, ಉಳಿದ ಅಂಕಿ ಆಚೆಗಿತ್ತು. ಪಾಠದ ನಂತರದ ಚರ್ಚೆಯಲ್ಲಿ ಯಾರದು ಸರಿ ಎಂದು ಪತ್ತೆ ಮಾಡಲು ಕುಳಿತೆವು, ಆಗಲಿಲ್ಲ. ಬಾಟಲಿಯ ಮೇಲೆ ಚೀಟಿ ಇರಲಿಲ್ಲ. ದ್ರಾವಣದ ಅವಧಿ ಮುಗಿದಿತ್ತೋ ಇಲ್ಲವೋ, ಯಾರೂ ನೋಡಿರಲಿಲ್ಲ. ತೊಳೆದ ನಳಿಕೆಯಲ್ಲಿ ಬಟ್ಟಿ ಇಳಿಸಿದ ನೀರು ಉಳಿದಿದ್ದರೆ ಮಾದರಿ ತೆಳುವಾಗಿ ಅಂಕಿ ಇಳಿಯುತ್ತದೆ, ಹಾಗಾಗಿತ್ತೇ? ಗೊತ್ತಿಲ್ಲ. ಮೊದಲ ಗುಂಪು "ಎರಡು" ಎಂದು ಕೂಗಿದ್ದನ್ನು ಕೇಳಿಯೇ ಉಳಿದವರು ಬಣ್ಣ ನೋಡಿದರೇ? ಅದೂ ಗೊತ್ತಿಲ್ಲ. ತಪ್ಪು ಆಗಿದ್ದು ದೊಡ್ಡ ವಿಷಯವಲ್ಲ, ಎಲ್ಲ ಪ್ರಯೋಗಾಲಯಗಳಲ್ಲೂ ತಪ್ಪಾಗುತ್ತದೆ. ತಪ್ಪು ಎಲ್ಲಾಯಿತೆಂದು ಹುಡುಕುವ ದಾರಿಯೇ ನಮ್ಮಲ್ಲಿ ಇರಲಿಲ್ಲ. ಆ ದಾರಿಯನ್ನು ಮೊದಲೇ ಹಾಕಿಡುವುದಕ್ಕೆ ಗುಣಮಟ್ಟದ ವ್ಯವಸ್ಥೆ ಎಂದು ಹೆಸರು.

ವ್ಯವಸ್ಥೆ ಎಂದರೇನು?

ಗುಣಮಟ್ಟ ಎಂದೊಡನೆ ದುಬಾರಿ ಉಪಕರಣ ನೆನಪಾಗುತ್ತದೆ. ಪರೀಕ್ಷಾ ಪ್ರಯೋಗಾಲಯಗಳ ಅಂತಾರಾಷ್ಟ್ರೀಯ ಮಾನಕವಾದ ಐಎಸ್‌ಒ/ಐಇಸಿ 17025 (ಈಗಿನ ಆವೃತ್ತಿ 2017) ಉಪಕರಣದ ಜೊತೆಗೆ ಬೇರೆ ಪ್ರಶ್ನೆಗಳನ್ನೂ ಕೇಳುತ್ತದೆ: ಹೊಣೆ ಯಾರದು, ವಿಧಾನ ಬರೆದಿದೆಯೇ, ದಾಖಲೆ ಇದೆಯೇ, ತಪ್ಪಾದಾಗ ಏನು ಮಾಡುತ್ತೀರಿ? ನಮ್ಮ ದೇಶದಲ್ಲಿ ಈ ಮಾನಕದಂತೆ ಪರಿಶೀಲಿಸಿ ಮಾನ್ಯತೆ ಕೊಡುವ ಸಂಸ್ಥೆ ಎನ್‌ಎಬಿಎಲ್. ವೈದ್ಯಕೀಯ ಪ್ರಯೋಗಾಲಯಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಕೈಪಿಡಿ ಇದೇ ವಿಷಯವನ್ನು 12 ಅಂಗಗಳಾಗಿ ವಿಂಗಡಿಸುತ್ತದೆ. ಸಂಘಟನೆ, ಸಿಬ್ಬಂದಿ, ಉಪಕರಣ, ದಾಸ್ತಾನು, ದಾಖಲೆ, ತಪ್ಪುಗಳ ನಿರ್ವಹಣೆ, ಸುರಕ್ಷತೆ ಮುಂತಾದವು ಅದರಲ್ಲಿವೆ. ಶಾಲೆಗೆ ಇಷ್ಟೂ ಬೇಕಿಲ್ಲ. ಪರೀಕ್ಷೆಗೆ ಮೊದಲು, ಪರೀಕ್ಷೆಯಲ್ಲಿ, ಪರೀಕ್ಷೆಯ ನಂತರ ಎಂದು ಮೂರು ಹಂತ ಮಾಡಿಕೊಂಡರೆ ಸಾಕು.

ಪರೀಕ್ಷೆಗೆ ಮೊದಲು

ಮೊದಲ ಕೆಲಸ ಹೊಣೆ ಹಂಚುವುದು. ಪ್ರತಿ ಗುಂಪಿನಲ್ಲಿ ಮಾದರಿ ನೋಡಿಕೊಳ್ಳುವವರು, ಅಳೆಯುವವರು, ಬಣ್ಣ ಓದುವವರು, ಬರೆಯುವವರು ಎಂದು ನಾಲ್ವರಿರಲಿ. ಮುಂದಿನ ಪಾಠದಲ್ಲಿ ಕೆಲಸ ಬದಲಾಗಲಿ.

ಎರಡನೆಯದು ಚೀಟಿ. ನೀರು ತಂದ ಸ್ಥಳ, ದಿನ, ಹೊತ್ತು, ತಂದವರ ಹೆಸರು ಬಾಟಲಿಯ ಮೇಲಿರಬೇಕು. ಫ್ಲೋರೈಡ್ ಪರೀಕ್ಷೆಯ ಮಾದರಿಗೆ ಗಾಜಿಗಿಂತ ಪ್ಲಾಸ್ಟಿಕ್ ಬಾಟಲಿ ಮೇಲು. ತುಂಬುವ ಮೊದಲು ಅದೇ ನೀರಿನಿಂದ ಎರಡು ಮೂರು ಸಲ ಗಲಬರಿಸಬೇಕು. ಮೂರನೆಯದು ದಾಸ್ತಾನು ಪುಸ್ತಕ. ದ್ರಾವಣ ಬಂದ ದಿನ, ತೆರೆದ ದಿನ, ಅವಧಿ ಮುಗಿಯುವ ದಿನ, ಈ ಮೂರೂ ಅದರಲ್ಲಿರಲಿ. ನಾಲ್ಕನೆಯದು ವಿಧಾನದ ಹಾಳೆ. ಕಿಟ್ಟಿನ ಸೂಚನೆಯನ್ನು ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ, ಹಂತ ಹಂತವಾಗಿ, ಒಂದೇ ಪುಟದಲ್ಲಿ ಬರೆದು ಗೋಡೆಗೆ ಅಂಟಿಸಿ. ಎಷ್ಟು ಮಿಲಿಲೀಟರ್ ನೀರು, ಎಷ್ಟು ಹನಿ ದ್ರಾವಣ, ಎಷ್ಟು ಹೊತ್ತು ಕಾಯಬೇಕು ಎಂಬುದು ಬಾಯಿಮಾತಿನಲ್ಲಿ ಉಳಿಯಬಾರದು.

ಪರೀಕ್ಷೆಯಲ್ಲಿ

ಇಲ್ಲಿ ಮೂರು ಕಾವಲುಗಳಿವೆ. ಒಂದು, ಬರಿ ನೀರಿನ ಪರೀಕ್ಷೆ. ಫ್ಲೋರೈಡ್ ಇಲ್ಲದ ಬಟ್ಟಿ ಇಳಿಸಿದ ನೀರಿಗೆ ಅದೇ ದ್ರಾವಣ ಹಾಕಿದಾಗ ಪಟ್ಟಿಯ ಕೊನೆಯ ಕೆಂಪು ಬಣ್ಣವೇ ಬರಬೇಕು. ಫ್ಲೋರೈಡ್ ಹೆಚ್ಚಿದಂತೆ ಬಣ್ಣ ಹಳದಿಯತ್ತ ಸರಿಯುತ್ತದೆ. ಬರಿ ನೀರೂ ಹಳದಿಗೆ ತಿರುಗಿದರೆ ದ್ರಾವಣವೋ ನಳಿಕೆಯೋ ಕೆಟ್ಟಿದೆ.

ಎರಡು, ಗೊತ್ತಿರುವ ಮಾದರಿ. 221 ಮಿಲಿಗ್ರಾಂ ಸೋಡಿಯಂ ಫ್ಲೋರೈಡನ್ನು ಒಂದು ಲೀಟರ್ ದ್ರಾವಣವಾಗಿಸಿದರೆ ಲೀಟರಿಗೆ 100 ಮಿಲಿಗ್ರಾಂ ಫ್ಲೋರೈಡ್ ಸಿಗುತ್ತದೆ. ಅದರ 10 ಮಿಲಿಲೀಟರನ್ನು ಮತ್ತೆ ಒಂದು ಲೀಟರಿಗೆ ಏರಿಸಿದರೆ ಸರಿಯಾಗಿ 1 ಮಿಲಿಗ್ರಾಂ. ಸೋಡಿಯಂ ಫ್ಲೋರೈಡ್ ವಿಷ. ಇದನ್ನು ಶಿಕ್ಷಕರೇ ತಯಾರಿಸಿ, ಹೆಸರು ಬರೆದು, ಬೀಗದಲ್ಲಿಡಬೇಕು. ಉತ್ತರ ಗೊತ್ತಿರುವ ಈ ಮಾದರಿಗೆ ಗುಂಪು 1 ಎಂದು ಓದಿದರೆ ಮಾತ್ರ ಅದರ ಉಳಿದ ಅಂಕಿಗಳನ್ನು ನಂಬಬಹುದು.

ಮೂರು, ಜೋಡಿ ಪರೀಕ್ಷೆ. ಒಂದೇ ನೀರನ್ನು ಎರಡು ಸಲ, ಬೇರೆ ಬೇರೆ ಕೈಗಳು ಪರೀಕ್ಷಿಸಬೇಕು. ಎರಡನೆಯವರು ಮೊದಲಿನ ಅಂಕಿಯನ್ನು ನೋಡಬಾರದು. ಗುಂಪುಗಳು ಅಂಕಿಯನ್ನು ಕೂಗದೆ ಚೀಟಿಯಲ್ಲಿ ಬರೆದು ಕೊಡಲಿ. ನಮ್ಮ ಆ ಪಾಠದಲ್ಲಿ ಇಷ್ಟೊಂದೇ ಮಾಡಿದ್ದರೂ ಐದು ಗುಂಪುಗಳ ಒಮ್ಮತ ನಿಜದ್ದೋ ಅಲ್ಲವೋ ತಿಳಿಯುತ್ತಿತ್ತು.

ಪರೀಕ್ಷೆಯ ನಂತರ

ದಾಖಲೆಯಲ್ಲಿ ರಬ್ಬರಿಗೆ ಜಾಗವಿಲ್ಲ. ತಪ್ಪಾದರೆ ಒಂದೇ ಗೆರೆ ಎಳೆದು, ಹಳೆಯ ಅಂಕಿ ಕಾಣುವಂತೆ ಬಿಟ್ಟು, ಪಕ್ಕದಲ್ಲಿ ಹೊಸದನ್ನು ಬರೆದು, ಕಾರಣ ಸೂಚಿಸಿ ಸಹಿ ಹಾಕಬೇಕು. ಜೊತೆಗೆ ಒಂದು ತಪ್ಪುಗಳ ಪುಸ್ತಕವಿರಲಿ. ಏನಾಯಿತು, ಏಕಾಯಿತು, ಮತ್ತೆ ಆಗದಂತೆ ಏನು ಮಾಡಿದೆವು ಎಂಬ ಮೂರು ಅಂಕಣ ಸಾಕು. ತಿಂಗಳಿಗೊಮ್ಮೆ ವಿಜ್ಞಾನ ಶಿಕ್ಷಕರು ಮಕ್ಕಳೊಡನೆ ಕುಳಿತು ಇದನ್ನು ಓದಿದರೆ ಅದೇ ಆಂತರಿಕ ಪರಿಶೀಲನೆ.

ಸಹಿ ಏಕೆ ಎಂದು ಮಕ್ಕಳು ಕೇಳಿದರೆ ಬೇಲೂರಿಗೆ ಕರೆದೊಯ್ಯಿರಿ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ. ಇದನ್ನು ಮಾಡಿದ ಕೈ ಯಾರದೆಂದು ನಾವು ಇಂದಿಗೂ ಓದಬಹುದು. ಪ್ರಯೋಗಾಲಯದ ಸಹಿಯ ಕೆಲಸವೂ ಅಷ್ಟೆ: ಶಿಕ್ಷಿಸಲು ಅಲ್ಲ, ಬೇಕಾದಾಗ ಹೋಗಿ ಕೇಳಲು.

ಬೋಧನಾಭ್ಯಾಸದಲ್ಲಿ ಅಳವಡಿಕೆ

ಇದಕ್ಕೆ ಮೂರು ಅವಧಿ ಬೇಕು. ಮೊದಲನೆಯದರಲ್ಲಿ ಚೀಟಿ, ದಾಸ್ತಾನು, ವಿಧಾನದ ಹಾಳೆಯನ್ನು ಮಕ್ಕಳಿಂದಲೇ ತಯಾರಿಸಿ. ಎರಡನೆಯದರಲ್ಲಿ ಬರಿ ನೀರು ಮತ್ತು ಗೊತ್ತಿರುವ ಮಾದರಿ ಮಾತ್ರ. ಮೂರನೆಯದರಲ್ಲಿ ಊರಿನ ನೀರು. ಬೇಲೂರಿನ ಶಾಲೆಯವರು ಯಗಚಿ ನೀರನ್ನೂ ಹಳೇಬೀಡಿನವರು ದ್ವಾರಸಮುದ್ರ ಕೆರೆಯ ನೀರನ್ನೂ ತಂದು, ಅರಸೀಕೆರೆಯ ಕೊಳವೆಬಾವಿಯ ನೀರಿನೊಡನೆ ಹೋಲಿಸಬಹುದು. ಒಂದೇ ವಿಧಾನದ ಹಾಳೆ ಮೂರೂ ಕಡೆ ಇದ್ದರೆ ಮಾತ್ರ ಹೋಲಿಕೆಗೆ ಅರ್ಥವಿದೆ. ದ್ರಾವಣದಲ್ಲಿ ಆಮ್ಲವಿರುವುದರಿಂದ ಕನ್ನಡಕ, ಕೈಗವಸು ತಪ್ಪಿಸಬೇಡಿ.

ಮೌಲ್ಯಮಾಪನದಲ್ಲಿ ಮಾರ್ಗದರ್ಶಕರಾದ ನಾವು ಬದಲಾಗಬೇಕು. ನಿರೀಕ್ಷಿತ ಅಂಕಿಗೆ ಅಂಕ ಕೊಡುವವರೆಗೆ ಮಕ್ಕಳು ರೆಕಾರ್ಡ್ ಪುಸ್ತಕದಲ್ಲಿ ಅದನ್ನೇ ಬರೆಯುತ್ತಾರೆ, ಪ್ರಶಿಕ್ಷಣಾರ್ಥಿಗಳೂ ಅದನ್ನೇ ಬರೆಸುತ್ತಾರೆ. ಚೀಟಿ, ಜೋಡಿ ಪರೀಕ್ಷೆ, ತಿದ್ದುಪಡಿಯ ಸಹಿ, ಭಿನ್ನ ಫಲಿತಾಂಶದ ವಿವರಣೆ, ಅಂಕ ಇವುಗಳಿಗೆ ಸಿಗಲಿ. ಅಂದು ಅಳಿಸಿಸಿದ ಪ್ರಶಿಕ್ಷಣಾರ್ಥಿಗಿಂತ ಹೆಚ್ಚಿನ ತಪ್ಪು, ಅವಲೋಕನ ಪತ್ರದಲ್ಲಿ "ಪ್ರಯೋಗ ಯಶಸ್ವಿ" ಎಂದು ಬರೆಯಲು ಹೊರಟಿದ್ದ ನನ್ನದು.

ಹುಡುಗಿಯ ಪ್ರಶ್ನೆಗೆ

ಶಾಲೆಯ ಕಿಟ್ ಅನುಮಾನವನ್ನು ಎತ್ತಿ ತೋರಿಸುತ್ತದೆ, ತೀರ್ಪು ಕೊಡುವುದಿಲ್ಲ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರಿಗೆ, ಅದರಲ್ಲೂ ಮಹಿಳೆಯರಿಗೆ, ಇಂಥ ಕಿಟ್ ಬಳಸುವ ತರಬೇತಿ ಕೊಡಬೇಕೆಂದಿದೆ. ಅಲ್ಲಿಯೂ ಮಿತಿ ಮೀರಿದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಖಚಿತ ಮಾಡಿಕೊಳ್ಳುವುದೇ ಕ್ರಮ. ಅಲ್ಲಿಯವರೆಗೆ ಮನೆಯವರು ತಿಳಿಯಬೇಕಾದ ಎರಡು ಮಾತುಗಳಿವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದರ ಸಾಂದ್ರತೆ ಹೆಚ್ಚುತ್ತದೆ. ಹಲ್ಲಿನ ಮೇಲೆ ಕಲೆ ಮೂಡಿಸುವ ಹಾನಿ ಆಗುವುದು ಸುಮಾರು ಎಂಟು ವರ್ಷದೊಳಗಿನ, ಹಲ್ಲಿನ ಹೊರಪದರ ರೂಪುಗೊಳ್ಳುವ ವಯಸ್ಸಿನಲ್ಲಿ. ಹಾಗಾಗಿ ಮನೆಯ ಚಿಕ್ಕ ಮಕ್ಕಳಿಗೆ ಮೊದಲು ಬೇರೆ ನೀರು ಹುಡುಕಬೇಕು.

ಮಾರನೆಯ ವಾರ ಅದೇ ಶಾಲೆಯಲ್ಲಿ, ಅದೇ ಪ್ರಶಿಕ್ಷಣಾರ್ಥಿ ಚೀಟಿ ಅಂಟಿಸಿದ ಬಾಟಲಿಯೊಂದಿಗೆ ಪಾಠ ಆರಂಭಿಸಿದರು. ಕಪ್ಪು ಹಲಗೆಯ ಮೇಲೆ ಎರಡು ಅಂಕಿಗಳನ್ನೂ ಬರೆದು, "ಯಾವುದು ಸರಿ ಅಂತ ನನಗೂ ಗೊತ್ತಿಲ್ಲ, ಹೇಗೆ ಕಂಡುಹಿಡಿಯೋಣ ಹೇಳಿ" ಎಂದರು. ಅವಲೋಕನ ಪತ್ರದಲ್ಲಿ ನಾನು ಮೊದಲು ಬರೆದುಕೊಂಡದ್ದು ಆ ವಾಕ್ಯವನ್ನು.