ಕರೆಂಟು ಹೋದಾಗ ಮೀನುತೊಟ್ಟಿ

ಮುಂಗಾರಿಗೆ ಮುಂಚಿನ ಗಾಳಿಮಳೆ ಹುಲಿಕೆರೆ, ಹಳೇಬೀಡು, ಜಾವಗಲ್ಲು ಕಡೆ ಬಂತೆಂದರೆ ತೆಂಗಿನ ಗರಿ ತಂತಿಯ ಮೇಲೆ ಬೀಳುವುದು, ಕರೆಂಟು ಹೋಗುವುದು ಎರಡೂ ಒಟ್ಟಿಗೇ ಆಗುತ್ತವೆ. ಕತ್ತಲಾದ ಮೇಲೆ ಕಂಬ ಮುರಿದರೆ ಲೈನ್‌ಮನ್ ಬಂದು ಸರಿಮಾಡುವ ಹೊತ್ತಿಗೆ ಬೆಳಗಾಗಿರುತ್ತದೆ. ಮನೆಯವರು ಸೆಕೆ ತಡೆದುಕೊಂಡು ಹೇಗೋ ಮಲಗುತ್ತಾರೆ. ನಡುಮನೆಯ ಗಾಜಿನ ತೊಟ್ಟಿಯಲ್ಲಿರುವ ಗಪ್ಪಿ, ಟೆಟ್ರಾ, ಏಂಜೆಲ್ ಮೀನುಗಳ ಪಾಡು ಅಷ್ಟು ಸುಲಭದ್ದಲ್ಲ.

ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಕಲ್ಯಾಣಿಯಿದೆ. 12ನೇ ಶತಮಾನದ ಈ ಕೊಳದ ಮೆಟ್ಟಿಲುಗಳ ನಡುವಿನ ಪುಟ್ಟ ಗುಡಿಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ಅಂಥ ಕೊಳದ ನೀರಿಗೆ ಪಂಪು ಬೇಡ. ಬಾಯಿ ಅಗಲವಾಗಿದೆ, ಗಾಳಿ ನೀರಿನ ಮೈ ಸವರಿಕೊಂಡು ಹೋಗುತ್ತದೆ, ನೀರೂ ಹೇರಳ. ಎರಡಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಇವು ಯಾವುವೂ ಇಲ್ಲ. ನೀರು ಕಡಿಮೆ, ಮೀನು ಹೆಚ್ಚು, ಮೇಲೆ ಮುಚ್ಚಳ. ಕೊಳದಲ್ಲಿ ಗಾಳಿ ಮಾಡುವ ಕೆಲಸವನ್ನು ಇಲ್ಲಿ ಪಂಪು ಮಾಡುತ್ತಿರುತ್ತದೆ. ಅದು ನಿಂತ ಕೂಡಲೇ ಕೊರತೆ ಶುರುವಾಗುತ್ತದೆ.

ಕರೆಂಟು ಹೋದರೆ ಹೆಚ್ಚಿನವರು ಮೊದಲು ಚಿಂತಿಸುವುದು ಹೀಟರಿನ ಬಗ್ಗೆ. ಮೊದಲು ನೋಡಬೇಕಾದದ್ದು ಮೀನಿನ ಉಸಿರನ್ನು. ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್ ಇರುವ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಹಳೇಬೀಡಿನ ಸೀಮೆ ಸಮುದ್ರಮಟ್ಟದಿಂದ ಸುಮಾರು 880 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಇಲ್ಲಿನ ನೀರಿಗೆ ಇನ್ನೂ ಹತ್ತರಲ್ಲೊಂದು ಪಾಲು ಖೋತಾ. ಬೇಸಿಗೆಯ ರಾತ್ರಿ ನೀರೂ ಬೆಚ್ಚಗಿರುತ್ತದೆ, ಮೀನಿನ ಉಸಿರಾಟವೂ ಜೋರಾಗಿರುತ್ತದೆ. ಹಾಗಾಗಿ ಡಿಸೆಂಬರಿಗಿಂತ ಮೇ ತಿಂಗಳ ಕತ್ತಲೆ ಮೀನುಗಳಿಗೆ ಹೆಚ್ಚು ಅಪಾಯ. ತೊಟ್ಟಿಯೊಳಗಿನ ಗಿಡಗಳನ್ನೂ ನಂಬುವಂತಿಲ್ಲ. ಬೆಳಕಿಲ್ಲದಾಗ ಅವೂ ಆಮ್ಲಜನಕವನ್ನು ಬಳಸುತ್ತವೆ.

ಟಾರ್ಚ್ ಹಿಡಿದು ನೋಡಿ. ಮೀನುಗಳು ಮೇಲಕ್ಕೆ ಬಂದು, ಬಾಯನ್ನು ನೀರಿನ ಅಂಚಿಗೆ ಒತ್ತಿ ತೆರೆದು ಮುಚ್ಚುತ್ತಿದ್ದರೆ, ಕಿವಿರು ಎಂದಿಗಿಂತ ಬೇಗ ಬಡಿಯುತ್ತಿದ್ದರೆ ಇನ್ನು ತಡಮಾಡಬಾರದು. ಮುಚ್ಚಳ ತೆಗೆಯಿರಿ. ಒಂದು ಚೊಂಬಿನಲ್ಲಿ ತೊಟ್ಟಿಯದೇ ನೀರನ್ನು ಮೊಗೆದು, ಗೇಣುದ್ದ ಮೇಲಿನಿಂದ ಟೀ ಸೋಸುವ ಜರಡಿಯ ಮೂಲಕ ಸುರಿಯಿರಿ. ನೀರು ಎಳೆ ಎಳೆಯಾಗಿ ಬಿದ್ದು ಮೇಲ್ಮೈ ಕಲಕುತ್ತದೆ. ಆಮ್ಲಜನಕ ಒಳಸೇರುವುದು ಮುಖ್ಯವಾಗಿ ಈ ಮೇಲ್ಮೈಯಿಂದಲೇ. ಏರ್ ಸ್ಟೋನಿನ ಗುಳ್ಳೆಗಳೂ ಬಹುಪಾಲು ಮಾಡುವುದು ನೀರನ್ನು ಕಲಕುವ ಈ ಕೆಲಸವನ್ನೇ. ಐದು ನಿಮಿಷ ಹೀಗೆ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿ. ಫೈಟರ್ ಮೀನು, ಗೌರಾಮಿಗಳಿಗೆ ನೇರವಾಗಿ ಗಾಳಿ ಕುಡಿಯುವ ಅಂಗವಿದೆ, ಅವು ತಡೆದುಕೊಳ್ಳುತ್ತವೆ. ಗೋಲ್ಡ್ ಫಿಶ್ ಚಳಿಗೆ ಜಗ್ಗುವುದಿಲ್ಲ, ಆಮ್ಲಜನಕದ ಕೊರತೆಯನ್ನೂ ಬೇರೆ ಹಲವು ಮೀನುಗಳಿಗಿಂತ ಹೆಚ್ಚು ತಡೆದುಕೊಳ್ಳುತ್ತದೆ.

ಫ್ಯಾನ್ ನಿಂತಾಗ ಸೊಳ್ಳೆಬತ್ತಿ ಹಚ್ಚುವ ರೂಢಿ ಇದೆಯಲ್ಲ, ಅಲ್ಲಿ ತುಂಬ ಎಚ್ಚರ ಬೇಕು. ಬತ್ತಿಗಳಲ್ಲಿ ಸಾಮಾನ್ಯವಾಗಿ ಬಳಸುವ ಪೈರೆಥ್ರಾಯ್ಡ್ ಜಾತಿಯ ಕೀಟನಾಶಕಗಳು ಮೀನಿಗೆ ಕಡುವಿಷ. ಬ್ಯಾಟರಿ ಪಂಪು ಆ ಹೊಗೆಯನ್ನೇ ಎಳೆದು ನೀರಿಗೆ ಊದುತ್ತದೆ. ತೊಟ್ಟಿ ಇರುವ ಕೋಣೆಯಲ್ಲಿ ಬತ್ತಿ ಬೇಡವೇ ಬೇಡ, ಸೊಳ್ಳೆಪರದೆ ಕಟ್ಟಿಕೊಳ್ಳಿ.

ಇನ್ವರ್ಟರ್ ಇದ್ದವರು ಒಂದು ಲೆಕ್ಕ ತಿಳಿದಿರಬೇಕು. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 1,800 ವಾಟ್-ಅವರ್. ಅದಕ್ಕೆ 200 ವಾಟಿನ ಹೀಟರ್ ಹಚ್ಚಿದರೆ ಅರ್ಧ ರಾತ್ರಿಗೇ ಬರಿದು. ಐದು ವಾಟಿನ ಏರ್ ಪಂಪು ಮಾತ್ರ ಹಚ್ಚಿದರೆ, ಇನ್ವರ್ಟರ್ ತಾನೇ ತಿನ್ನುವುದನ್ನು ಕಳೆದರೂ ರಾತ್ರಿಯಿಡೀ ನಡೆಯುತ್ತದೆ. ಇನ್ವರ್ಟರ್ ಇಲ್ಲದ ಮನೆಗೆ ಮೊಬೈಲ್ ಪವರ್ ಬ್ಯಾಂಕಿನಿಂದ ಓಡುವ ಪುಟ್ಟ ಏರ್ ಪಂಪು ಸಾಕು. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ. ಕೆಳಗಿಟ್ಟರೆ, ಅದು ನಿಂತಾಗ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪು ಕೆಡುತ್ತದೆ, ನೆಲವೂ ತೋಯುತ್ತದೆ.

ಚಳಿಗಾಲದ ಚಿಂತೆ ಬೇರೆ. ಈ ಮೀನುಗಳಲ್ಲಿ ಬಹಳಷ್ಟಕ್ಕೆ ಬೇಕಾದದ್ದು 24ರಿಂದ 28 ಡಿಗ್ರಿ. ನೀರು ನಿಧಾನವಾಗಿ 20ರತ್ತ ಇಳಿದರೆ ಹೆಚ್ಚಿನವು ಒಂದು ರಾತ್ರಿ ತಾಳಿಕೊಳ್ಳುತ್ತವೆ, ಡಿಸ್ಕಸ್‌ನಂಥ ಕೆಲವಕ್ಕೆ ಮಾತ್ರ ಕಷ್ಟ. ತೊಟ್ಟಿಯ ನಾಲ್ಕೂ ಬದಿಗೆ ಥರ್ಮೋಕೋಲ್ ಒರಗಿಸಿ ಕಂಬಳಿ ಸುತ್ತಿ, ಮೇಲ್ಭಾಗದಲ್ಲಿ ಗಾಳಿಯಾಡಲು ಜಾಗ ಬಿಡಿ. ಎರಡು ಲೀಟರಿನ ಬಾಟಲಿಗೆ 60 ಡಿಗ್ರಿಯ ನೀರು ತುಂಬಿ, ಬಿರಡೆ ಬಿಗಿದು, 100 ಲೀಟರ್ ತೊಟ್ಟಿಯಲ್ಲಿ ತೇಲಿಬಿಟ್ಟರೆ ಏರುವುದು ಒಂದು ಡಿಗ್ರಿಯೂ ಇಲ್ಲ. ಅಷ್ಟೇ ಒಳ್ಳೆಯದು. ಹಂಡೆಯ ಬಿಸಿನೀರನ್ನು ನೇರ ಸುರಿದರೆ ಚಳಿಗಿಂತ ದೊಡ್ಡ ಪೆಟ್ಟು ಬೀಳುತ್ತದೆ. ಆಗಷ್ಟೇ ಎತ್ತಿದ ಬೋರ್‌ವೆಲ್ ನೀರನ್ನೂ ಸುರಿಯಬೇಡಿ. ನೆಲದಾಳದಿಂದ ಬರುವ ಆ ನೀರಿನಲ್ಲಿ ಆಮ್ಲಜನಕ ತೀರ ಕಡಿಮೆ ಇರಬಹುದು. ಒಂದು ಡ್ರಮ್ಮಿನಲ್ಲಿ ಹಿಂದಿನ ದಿನವೇ ಹಿಡಿದಿಟ್ಟ ನೀರಿದ್ದರೆ ಅನುಕೂಲ.

ಕರೆಂಟು ಬರುವ ತನಕ ಮೀನಿಗೆ ತಿನಿಸು ಹಾಕಬಾರದು. ಆರೋಗ್ಯವಾಗಿರುವ ದೊಡ್ಡ ಮೀನುಗಳು ಎರಡು ಮೂರು ದಿನ ಉಪವಾಸ ಇರಬಲ್ಲವು. ತಿಂದರೆ ಮಲವೂ ಅಮೋನಿಯಾವೂ ಹೆಚ್ಚುತ್ತವೆ, ಅದನ್ನು ಕರಗಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ ಉಸಿರಿಲ್ಲದೆ ಒದ್ದಾಡುತ್ತಿರುತ್ತವೆ. ಅರಸೀಕೆರೆ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಕ್ಷಾರ ಹೆಚ್ಚಿದ್ದರೆ ಅಮೋನಿಯಾದ ವಿಷವೂ ಹೆಚ್ಚು.

ಕರೆಂಟು ಬಂದ ಕೂಡಲೇ ಎಲ್ಲ ಸ್ವಿಚ್ಚು ಹಾಕುವ ಆತುರ ಬೇಡ. ಮೊದಲ ಕೆಲವು ನಿಮಿಷ ವೋಲ್ಟೇಜು ಏರಿಳಿಯಬಹುದು. ಹೀಟರ್ ನೀರಿನಲ್ಲಿ ಮುಳುಗಿದೆಯೇ ನೋಡಿ, ಒಣಗಿದ್ದು ಕಾದರೆ ಗಾಜು ಸೀಳುತ್ತದೆ. ಡಬ್ಬಿಯಂತೆ ಮುಚ್ಚಿದ ಫಿಲ್ಟರ್ ಹಲವು ಗಂಟೆ ನಿಂತಿದ್ದರೆ ಅದರೊಳಗಿನ ನೀರು ಕೊಳೆತಿರುತ್ತದೆ. ಹಾಗೇ ಚಾಲೂ ಮಾಡಿದರೆ ಆ ಕೊಳಕೆಲ್ಲ ತೊಟ್ಟಿಗೆ ಬರುತ್ತದೆ. ಬಿಚ್ಚಿ, ಆ ನೀರು ಚೆಲ್ಲಿ, ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ಹಾಕಿ. ಬ್ಲೀಚಿಂಗ್ ಪೌಡರ್ ಬೆರೆತ ನಲ್ಲಿ ನೀರಿಗೆ ಹಿಡಿದರೆ ಉಳಿದ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಆಮೇಲೆ ಡ್ರಮ್ಮಿನ ನೀರಿನಿಂದ ತೊಟ್ಟಿಯ ಕಾಲುಭಾಗ ಬದಲಿಸಿ. ಎರಡು ದಿನ ತಿನಿಸು ಅರ್ಧಕ್ಕೆ ಇಳಿಸಿ, ನೀರು ಮಸುಕಾದರೆ ಮತ್ತೆ ಕಾಲುಭಾಗ ತೆಗೆಯಿರಿ.