ಸೂಕ್ಷ್ಮದರ್ಶಕವೂ ಪಾಠದ ಮೇಜೂ

ಜೀವಕೋಶದ ಒಳಗನ್ನು ತೋರುವ ಉಪಕರಣಗಳ ಬೆಲೆ ಏರಿದಂತೆಲ್ಲ ಅವು ವಿದ್ಯಾರ್ಥಿಯ ಮೇಜಿನಿಂದ ದೂರ ಸರಿಯುತ್ತಿವೆ. ಮಧ್ಯಕಾಲೀನ ಕಾವ್ಯದ ಅಭ್ಯಾಸಿಗಳಾದ ನಮಗೆ ಇದು ಹೊಸತಲ್ಲ; ಪೆಟ್ಟಿಗೆಯಲ್ಲಿ ಭದ್ರವಾಗಿದ್ದೂ ಓದುಗನಿಗೆ ದಕ್ಕದ ಓಲೆಗರಿಗಳನ್ನು ನಾವು ಕಂಡಿದ್ದೇವೆ.

ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕವು ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ತೋರಿಸಲಾರದು. ಬೆಳಕಿನ ತರಂಗದೈರ್ಘ್ಯವೇ ಈ ಮಿತಿಗೆ ಕಾರಣವೆಂದು ಎರ್ನ್‌ಸ್ಟ್ ಆಬ್ಬೆ 1873ರಲ್ಲಿ ವಿವರಿಸಿದರು. ಕನ್‌ಫೋಕಲ್ ಯಂತ್ರವು ನಾಭಿಯ ಹೊರಗಿನ ಬೆಳಕನ್ನು ಸೂಜಿರಂಧ್ರದಿಂದ ತಡೆದು ಕೋಶವನ್ನು ಪದರಪದರವಾಗಿ ತೋರುವುದು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಆವರಣದಲ್ಲಿರುವ ಕ್ರಯೋ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕವಾದರೋ, ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿದ ಪ್ರೋಟೀನಿನ ಸಹಸ್ರಾರು ಚಿತ್ರಗಳಿಂದ ಅದರ ರಚನೆಯನ್ನು ಕಟ್ಟಲು ನೆರವಾಗುತ್ತದೆ. ಇಂಥದನ್ನು ಪ್ರತಿಯೊಂದು ವಿಶ್ವವಿದ್ಯಾಲಯವೂ ಕೊಳ್ಳಲಾರದು, ಹಂಚಿಕೊಳ್ಳುವುದೇ ದಾರಿ.

ಹಂಚಿಕೆಗೆ ಗುಜರಾತಿನಲ್ಲಿ ಒಂದು ಪೂರ್ವನಿದರ್ಶನವುಂಟು. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಹೆಸರಿಗೇ ಇಸ್ರೋದ ನಂಟಿದೆ. 1975-76ರ ಉಪಗ್ರಹ ದೂರದರ್ಶನ ಪ್ರಯೋಗದಲ್ಲಿ ಅಹಮದಾಬಾದಿನ ಭೂಕೇಂದ್ರವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಕಳುಹಿಸಿತು. ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಅವು ಕನ್ನಡದಲ್ಲಿಯೇ ತಲುಪಿದವು. ಚಿತ್ರದೊಡನೆ ಭಾಷೆಯೂ ಹೋಯಿತೆಂಬುದನ್ನು ಗಮನಿಸಬೇಕು.

ಇಂದು ಚಿತ್ರವನ್ನು ಕಳುಹಿಸುವುದು ಇನ್ನೂ ಸುಲಭ. ಆದರೆ ಮಾದರಿಯನ್ನು ಕೊಯ್ದು, ಬಣ್ಣಕಟ್ಟಿ, ಗಾಜಿನ ಮೇಲಿಡುವ ಕೈಗೆಲಸವು ಪರದೆಯಿಂದ ಬಾರದು. ಆದುದರಿಂದ ಕೇಂದ್ರ ಸೌಲಭ್ಯಗಳ ವೇಳಾಪಟ್ಟಿಯಲ್ಲಿ ಸಂಶೋಧಕರಂತೆ ಪದವಿ ವಿದ್ಯಾರ್ಥಿಗಳಿಗೂ ನಿಯತವಾದ ಗಂಟೆಗಳಿರಬೇಕೆಂಬುದು ನಮ್ಮ ಅಭಿಪ್ರಾಯ.