ಬೈಕ್ ಇಂಜಿನ್ನಿನ ಆಯಿಲ್ ಸೋರಿಕೆ: ಯಾವುದು ಮನೆಯ ಕೆಲಸ, ಯಾವುದು ಮೆಕ್ಯಾನಿಕ್ ಕೆಲಸ?

ಹಾಸನ: ರಾತ್ರಿ ಬೈಕ್ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ನಾಲ್ಕಾಣೆ ಅಗಲದ ಕಪ್ಪು ಕಲೆ ಕಂಡರೆ ಹೆಚ್ಚಿನ ಸವಾರರು ಅದರ ಮೇಲೆ ಒಂದು ಹಿಡಿ ಮಣ್ಣು ಎಸೆದು ಮುಂದೆ ಸಾಗುತ್ತಾರೆ. ಆದರೆ ಈ ಕಲೆಯನ್ನು ಕಡೆಗಣಿಸುವುದು ದುಬಾರಿಯಾಗಬಲ್ಲದು. 100 ಸಿಸಿ ಬೈಕುಗಳ ಇಂಜಿನ್ನಿನಲ್ಲಿ ಇರುವುದೇ ಸುಮಾರು ಒಂದು ಲೀಟರ್ ಆಯಿಲ್. ಸೋರಿಕೆ ಹೀಗೇ ಮುಂದುವರಿದರೆ ಅದರ ಮಟ್ಟ ಅಪಾಯದ ಗೆರೆಗಿಂತ ಕೆಳಗಿಳಿದು ಪಿಸ್ಟನ್ ಹಿಡಿದುಕೊಳ್ಳುವ ಸಂಭವವಿದೆ. ಸೋರಿದ ಎಣ್ಣೆ ಹಿಂಬದಿಯ ಟೈರಿಗೆ ತಗುಲಿದರಂತೂ ತಿರುವಿನಲ್ಲಿ ಬೈಕ್ ಜಾರಿ ಜೀವಕ್ಕೇ ಸಂಚಕಾರ ಬರಬಹುದು.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಬೈಕ್ ಎಂಬುದು ಕೇವಲ ಸವಾರಿಯ ಸಾಧನವಲ್ಲ. ಡೇರಿಗೆ ಹಾಲಿನ ಕ್ಯಾನು, ಮಂಡಿಗೆ ಆಲೂಗಡ್ಡೆ ಮೂಟೆ, ಸಂತೆಗೆ ತೆಂಗಿನಕಾಯಿ ಹೊರುವುದೂ ಅದೇ. ಕೆಎ 13 ಫಲಕದ ಬೈಕೊಂದು ಎರಡು ದಿನ ಗ್ಯಾರೇಜಿನಲ್ಲಿ ನಿಂತರೆ ಮನೆಯ ದುಡಿಮೆಯೇ ನಿಂತಂತೆ. ಹೀಗಾಗಿ ಸೋರಿಕೆಯ ಮೂಲವನ್ನು ಅರಿತು, ಸರಳವಾದದ್ದನ್ನು ಮನೆಯಲ್ಲಿಯೇ ಸರಿಪಡಿಸಿಕೊಳ್ಳುವ ವಿದ್ಯೆ ಉಪಯುಕ್ತ. ಎಲ್ಲಿ ಕೈ ಹಾಕಬಾರದು ಎಂಬುದನ್ನು ತಿಳಿಯುವುದು ಅದಕ್ಕಿಂತಲೂ ಮುಖ್ಯ.

ಗ್ಯಾಸ್ಕೆಟ್ ಎಂದರೇನು?

ಇಂಜಿನ್ ಒಂದೇ ಎರಕವಲ್ಲ. ಹೆಡ್, ಬ್ಲಾಕ್, ಕ್ರ್ಯಾಂಕ್ ಕೇಸ್, ಎರಡು ಬದಿಯ ಕವರ್‌ಗಳನ್ನು ಬೋಲ್ಟುಗಳಿಂದ ಬಿಗಿದು ರಚಿಸಿದ್ದು. ಎರಡು ಲೋಹದ ಮುಖಗಳು ಎಷ್ಟೇ ನಯವಾಗಿದ್ದರೂ ನಡುವೆ ಸೂಕ್ಷ್ಮ ಸಂದುಗಳು ಉಳಿಯುತ್ತವೆ. ಅವನ್ನು ಮುಚ್ಚಲು ಇಡುವ ತೆಳು ಹಾಳೆಯೇ ಗ್ಯಾಸ್ಕೆಟ್. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು 'ಪ್ಯಾಕಿಂಗ್'. ತಿರುಗುವ ಶಾಫ್ಟುಗಳ ಸುತ್ತ ಇರುವ ರಬ್ಬರ್ ಬಳೆ ಆಯಿಲ್ ಸೀಲ್. ಟ್ಯಾಪೆಟ್ ಮುಚ್ಚಳದಂತಹ ಕಡೆ ಇರುವುದು ಓ ರಿಂಗ್. ಇವು ಮೂರೂ ಬೇರೆ ಬೇರೆ. ಸೀಲ್ ಕೆಟ್ಟಿದ್ದಾಗ ಗ್ಯಾಸ್ಕೆಟ್ ಬದಲಿಸಿದರೆ ಶ್ರಮ ವ್ಯರ್ಥ.

ಇಂಜಿನ್ ಪ್ರತಿದಿನ ಕಾದು ತಣಿಯುತ್ತದೆ. ಲೋಹ ಹಿಗ್ಗಿ ಕುಗ್ಗುತ್ತಿದ್ದಂತೆ ಕಾಗದದ ಜಾತಿಯ ಗ್ಯಾಸ್ಕೆಟ್ ವರ್ಷಗಳು ಕಳೆದಂತೆ ಗಡುಸಾಗಿ ತನ್ನ ಒತ್ತುವ ಗುಣವನ್ನು ಕಳೆದುಕೊಳ್ಳುತ್ತದೆ. ಹಿಂದೆ ಕವರ್ ಬಿಚ್ಚಿದವರು ಹಳೆಯದನ್ನೇ ಮತ್ತೆ ಕೂರಿಸಿದ್ದರೆ ಸೋರಿಕೆ ಇನ್ನೂ ಬೇಗ ಶುರುವಾಗುತ್ತದೆ.

ಮೊದಲು ಮೂಲ ಪತ್ತೆ

ಎಣ್ಣೆ ಹನಿಯುವ ಜಾಗವೇ ಸೋರುವ ಜಾಗವಲ್ಲ. ಚಲಿಸುವಾಗ ಗಾಳಿ ಅದನ್ನು ಹಿಂದಕ್ಕೂ ಕೆಳಕ್ಕೂ ಒಯ್ಯುತ್ತದೆ. ಆದ್ದರಿಂದ ಇಂಜಿನ್ ತಣ್ಣಗಿರುವಾಗ ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ಅದ್ದಿದ ಬ್ರಷ್‌ನಿಂದ ಉಜ್ಜಿ, ತೊಳೆದು, ಪೂರ್ತಿ ಒಣಗಿಸಬೇಕು. ಬಳಿಕ ಸಂದುಗಳ ಮೇಲೆ ಟಾಲ್ಕಂ ಪೌಡರ್ ಉದುರಿಸಿ ನಾಲ್ಕಾರು ಕಿಲೋಮೀಟರ್ ಓಡಿಸಿ ನೋಡಿದರೆ, ಪೌಡರ್ ನೆನೆದ ಅತ್ಯಂತ ಮೇಲಿನ ಮತ್ತು ಮುಂದಿನ ಬಿಂದುವೇ ಸೋರಿಕೆಯ ಮೂಲ.

ಗ್ಯಾಸ್ಕೆಟ್ ಕೊಳ್ಳುವ ಮುನ್ನ ಮೂರು ಅಗ್ಗದ ಕಾರಣಗಳನ್ನು ಪರೀಕ್ಷಿಸುವುದು ಒಳಿತು. ಒಂದು, ಡ್ರೈನ್ ಬೋಲ್ಟಿನ ವಾಷರ್ ಸವೆದಿರಬಹುದು. ಎರಡು, ಆಯಿಲ್ ಅಳತೆ ಮೀರಿ ತುಂಬಿರಬಹುದು. ಮೂರು, ಬ್ರೀದರ್ ಪೈಪು ಕೆಸರಿನಿಂದ ಕಟ್ಟಿಕೊಂಡು ಒಳಗಿನ ಒತ್ತಡ ಹೆಚ್ಚಿರಬಹುದು. ಗದ್ದೆಯ ದಾರಿಗಳಲ್ಲಿ ಓಡುವ ಬೈಕುಗಳು ಈ ಮೂರನೆಯದನ್ನು ಮರೆಯುವಂತಿಲ್ಲ. ಒತ್ತಡ ಇಳಿಯದಿದ್ದರೆ ಹೊಸ ಗ್ಯಾಸ್ಕೆಟ್ ಹಾಕಿದರೂ ಎಣ್ಣೆ ದಾರಿ ಹುಡುಕಿಕೊಳ್ಳುತ್ತದೆ.

ಮೈಸೂರಿನ ಬೈಕುಗಳ ಪಾಠ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ ಹಾಗೂ ಯೆಜ್ಡಿ ಬೈಕುಗಳನ್ನು ಹಳೆ ಮೈಸೂರು ಭಾಗದಲ್ಲಿ ಇಂದಿಗೂ ಜತನದಿಂದ ಓಡಿಸುವವರಿದ್ದಾರೆ. ಇವು 2 ಸ್ಟ್ರೋಕ್ ಬೈಕುಗಳು. ಕಿಕ್ಕರ್ ಮತ್ತು ಗೇರು ಎರಡಕ್ಕೂ ಒಂದೇ ಪೆಡಲ್. ಇಲ್ಲಿ ಕ್ಲಚ್ ಬದಿಯ ಕ್ರ್ಯಾಂಕ್ ಸೀಲ್ ಕೆಟ್ಟರೆ ನೆಲದ ಮೇಲೆ ಒಂದು ಹನಿಯೂ ಬೀಳದೆ ಗೇರ್ ಆಯಿಲ್ ಕಡಿಮೆಯಾಗುತ್ತದೆ. ಇಂಜಿನ್ ಅದನ್ನು ಒಳಗೆ ಎಳೆದುಕೊಂಡು ಸುಡುವುದರಿಂದ ಸೈಲೆನ್ಸರ್ ದಟ್ಟ ಹೊಗೆ ಕಾರುತ್ತದೆ. ಹೊರಗಿನ ಗ್ಯಾಸ್ಕೆಟ್ ಎಷ್ಟು ಬದಲಿಸಿದರೂ ಈ ತೊಂದರೆ ನಿಲ್ಲದು. ಕಣ್ಣಿಗೆ ಕಾಣುವ ಸೋರಿಕೆಯೊಂದೇ ಸೋರಿಕೆಯಲ್ಲ ಎಂಬುದು ಇದರ ಪಾಠ.

ಕ್ಲಚ್ ಕವರ್: ಹಂತ ಹಂತವಾಗಿ

ಮನೆಯಲ್ಲಿ ಮಾಡಬಹುದಾದ ಕೆಲಸಗಳಲ್ಲಿ ಕ್ಲಚ್ ಕವರ್ ಗ್ಯಾಸ್ಕೆಟ್ ಪ್ರಮುಖವಾದದ್ದು. ನಮ್ಮ ಹೆಚ್ಚಿನ 4 ಸ್ಟ್ರೋಕ್ ಬೈಕುಗಳಲ್ಲಿ ಇದು ಬಲಬದಿಯಲ್ಲಿರುತ್ತದೆ.

1. ಸಮತಟ್ಟಾದ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ತಣಿದ ಮೇಲೆ ಡ್ರೈನ್ ಬೋಲ್ಟ್ ಬಿಚ್ಚಿ ಆಯಿಲನ್ನು ಬಾಣಲೆಗೆ ಇಳಿಸಬೇಕು.

2. ಕಿಕ್ಕರ್ ಕೂತಿದ್ದ ಸ್ಥಾನಕ್ಕೆ ಗುರುತು ಹಾಕಿ ಕಳಚಬೇಕು. ಅಡ್ಡ ಬರುವ ಫುಟ್‌ರೆಸ್ಟ್, ಬ್ರೇಕ್ ಪೆಡಲ್, ಕ್ಲಚ್ ಕೇಬಲ್‌ಗಳನ್ನು ತೆಗೆಯಬೇಕು.

3. ಕವರಿನ ಬೋಲ್ಟುಗಳ ಉದ್ದ ಒಂದೇ ಇರುವುದಿಲ್ಲ. ರಟ್ಟಿನ ಮೇಲೆ ಕವರಿನ ಚಿತ್ರ ಬರೆದು, ಬಿಚ್ಚಿದ ಬೋಲ್ಟನ್ನು ಅದೇ ಜಾಗದಲ್ಲಿ ಚುಚ್ಚಿಡುವುದು ಸುಲಭೋಪಾಯ. ಉದ್ದದ ಬೋಲ್ಟ್ ಗಿಡ್ಡ ರಂಧ್ರಕ್ಕೆ ಹೋದರೆ ಕೇಸ್ ಬಿರುಕು ಬಿಡಬಹುದು.

4. ಕವರ್ ಅಂಟಿಕೊಂಡಿದ್ದರೆ ರಬ್ಬರ್ ಅಥವಾ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಕೂಡದು. ಅಲ್ಯೂಮಿನಿಯಂ ಮುಖದಲ್ಲಿ ಬಿದ್ದ ಒಂದು ಗೀರೇ ಮುಂದಿನ ಸೋರಿಕೆಗೆ ದಾರಿ. ಕವರ್ ಎಳೆಯುವಾಗ ಡೋವೆಲ್ ಪಿನ್ನುಗಳು, ಕಿಕ್ ಶಾಫ್ಟಿನ ವಾಷರ್ ಬಿದ್ದುಹೋಗದಂತೆ ಗಮನಿಸಬೇಕು.

5. ಕ್ಲಚ್ಚಿನ ಮೇಲೆ ಶುಭ್ರ ಬಟ್ಟೆ ಮುಚ್ಚಿ, ಹಳೆಯ ಗ್ಯಾಸ್ಕೆಟ್ಟನ್ನು ಸೀಮೆಎಣ್ಣೆಯಿಂದ ನೆನೆಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಬೇಕು. ಹಳೆಯ ಕಾಲದ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿದ್ದು, ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸುವುದು ಶ್ವಾಸಕೋಶಕ್ಕೆ ಅಪಾಯಕಾರಿ.

6. ಆಯಾ ಮಾಡೆಲ್‌ನ ಹೊಸ ಗ್ಯಾಸ್ಕೆಟ್ಟನ್ನೇ ಇಡಬೇಕು. ಎಣ್ಣೆಯ ದಾರಿಯ ರಂಧ್ರಗಳು ತೆರೆದಿವೆಯೇ ಎಂದು ನೋಡಬೇಕು.

7. ಎಲ್ಲ ಬೋಲ್ಟುಗಳನ್ನು ಮೊದಲು ಕೈಯಲ್ಲಿ ತಿರುಗಿಸಿ, ಬಳಿಕ ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. 6 ಮಿಲಿಮೀಟರ್ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಅಂದರೆ 20 ಸೆಂಟಿಮೀಟರ್ ಉದ್ದದ ಹಿಡಿಯ ತುದಿಯಲ್ಲಿ 5 ಕಿಲೋ ತೂಕದಷ್ಟು ಬಲ.

8. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ, ಕೈಪಿಡಿಯಲ್ಲಿ ಹೇಳಿದಷ್ಟೇ ಆಯಿಲ್ ತುಂಬಬೇಕು. ಬೈಕಿನ ಕ್ಲಚ್ ಎಣ್ಣೆಯಲ್ಲೇ ಮುಳುಗಿರುವುದರಿಂದ ಕಾರಿನ ಆಯಿಲ್ ಸಲ್ಲದು. ಅದರಿಂದ ಕ್ಲಚ್ ಜಾರಬಹುದು. ಕೊನೆಗೆ ಕ್ಲಚ್ ಕೇಬಲ್‌ನ ಸಡಿಲವನ್ನು ಹೊಂದಿಸಿ, ಬ್ರೇಕ್ ಪೆಡಲ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಖಚಿತಪಡಿಸಿಕೊಂಡ ನಂತರವೇ ರಸ್ತೆಗಿಳಿಯಬೇಕು.

ಸಾಮಾನ್ಯ ತಪ್ಪುಗಳು

ಸೋರಿಕೆ ನಿಲ್ಲದಿದ್ದಾಗ ಬೋಲ್ಟನ್ನು ಮತ್ತಷ್ಟು ಬಿಗಿಯುವುದು ಅತಿ ಸಾಮಾನ್ಯ ತಪ್ಪು. ಅಲ್ಯೂಮಿನಿಯಂನ ಮರೆ ಬಹುಬೇಗ ಕಿತ್ತುಬರುತ್ತದೆ. ಆಗ ಲೇತ್ ಅಂಗಡಿಯಲ್ಲಿ ಹೊಸ ಮರೆ ಹಾಕಿಸದೆ ಗತ್ಯಂತರವಿಲ್ಲ. ಎರಡನೆಯದು, ಗ್ಯಾಸ್ಕೆಟ್ ಪೇಸ್ಟನ್ನು ಧಾರಾಳವಾಗಿ ಮೆತ್ತುವುದು. ಹೊರಗೆ ಉಕ್ಕಿದ್ದು ಕಣ್ಣಿಗೆ ಕಾಣುತ್ತದೆ. ಒಳಗೆ ಉಕ್ಕಿದ್ದು ಕಳಚಿ ಆಯಿಲ್ ಜಾಲರಿಯಲ್ಲಿ ಸಿಕ್ಕಿಕೊಂಡರೆ ಇಂಜಿನ್ನಿಗೆ ಎಣ್ಣೆಯೇ ತಲುಪದು. ಮುಖಗಳು ನಯವಾಗಿದ್ದರೆ ಹೊಸ ಗ್ಯಾಸ್ಕೆಟ್ಟಿಗೆ ಪೇಸ್ಟಿನ ಅಗತ್ಯವೇ ಇರದು.

ಮನೆಯಲ್ಲಿ ಕೈ ಹಾಕಬಾರದ್ದು

ಹೆಡ್ ಮತ್ತು ಬ್ಲಾಕ್ ನಡುವಿನ ಗ್ಯಾಸ್ಕೆಟ್ ಬದಲಿಸಲು ಟೈಮಿಂಗ್ ಚೈನ್ ಕಳಚಬೇಕಾಗುತ್ತದೆ. ಮತ್ತೆ ಜೋಡಿಸುವಾಗ ಗುರುತು ಒಂದು ಹಲ್ಲು ತಪ್ಪಿದರೂ ಇಂಜಿನ್ ಸರಿಯಾಗಿ ಓಡದು. ವಾಲ್ವ್ ಬಾಗುವ ಅಪಾಯವೂ ಉಂಟು. ಹೆಡ್ಡಿನ ಬೋಲ್ಟುಗಳಿಗೆ ನಿಖರ ಅಳತೆಯ ಟಾರ್ಕ್ ರೆಂಚ್ ಅನಿವಾರ್ಯ. ಇದನ್ನು ಅನುಭವಿ ಮೆಕ್ಯಾನಿಕ್‌ಗೆ ಬಿಡುವುದೇ ಜಾಣತನ. ವಾರಂಟಿ ಅವಧಿಯಲ್ಲಿರುವ ಬೈಕನ್ನು ಬಿಚ್ಚದೆ ಸರ್ವೀಸ್ ಕೇಂದ್ರಕ್ಕೇ ಒಯ್ಯಬೇಕು. ಏಪ್ರಿಲ್ 2020ರಿಂದ ಬಂದ ಬಿಎಸ್ 6 ಬೈಕುಗಳಲ್ಲಿ ಸೆನ್ಸರ್ ಮತ್ತು ವೈರುಗಳು ಹೆಚ್ಚಿರುವುದರಿಂದ ಇನ್ನಷ್ಟು ಎಚ್ಚರಿಕೆ ಬೇಕು.

ಹಳೆ ಎಣ್ಣೆ ನಾಲೆಗಲ್ಲ

ಬಾಣಲೆಗೆ ಇಳಿಸಿದ ಕಪ್ಪು ಎಣ್ಣೆಯ ವಿಲೇವಾರಿಯೂ ಮಾಡುವವರ ಹೊಣೆಯೇ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ. ಹೇಮಾವತಿಯ ದಂಡೆಯಲ್ಲೇ ಹೊಳೆನರಸೀಪುರವಿದೆ. ಗೊರೂರು ಅಣೆಕಟ್ಟೆಯ ನಾಲೆಗಳು ಈ ಸೀಮೆಯ ಹೊಲಗಳಿಗೆ ನೀರುಣಿಸುತ್ತವೆ. ಚರಂಡಿಗೆ ಸುರಿದ ಒಂದು ಲೀಟರ್ ಎಣ್ಣೆ ಮಳೆಗಾಲದಲ್ಲಿ ಕೆರೆಗೋ ನಾಲೆಗೋ ಸೇರದೆ ಇರದು. ಮುಚ್ಚಳವಿರುವ ಕ್ಯಾನಿನಲ್ಲಿ ಶೇಖರಿಸಿ, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡುವುದೇ ಸರಿಯಾದ ಮಾರ್ಗ.

ಕೆಲಸ ಮುಗಿದ ಮೇಲೆ ಇಂಜಿನ್ ಒರೆಸಿ, ರಾತ್ರಿ ಬೈಕಿನ ಕೆಳಗೆ ಒಂದು ಹಳೆಯ ದಿನಪತ್ರಿಕೆ ಹಾಸಿಡಬೇಕು. ಬೆಳಿಗ್ಗೆ ಕಾಗದ ಒಣಗಿಯೇ ಇದ್ದರೆ ಶ್ರಮ ಸಾರ್ಥಕ. ಆದರೂ ಮೊದಲ ವಾರ ಪ್ರತಿದಿನ ಆಯಿಲ್ ಮಟ್ಟ ನೋಡುವುದನ್ನು ಮರೆಯಬಾರದು.